ಎರಡು ಪೀರಿಯಡ್‌ಗಳ ನಡುವಿನ ಐದು ನಿಮಿಷ

ಆಟಿಸಂ ಇರುವ ಮಗುವಿಗೆ ಶಾಲೆಯಲ್ಲಿ ಯಾವುದು ಕಷ್ಟ ಎಂದು ಕೇಳಿದರೆ ಶಿಕ್ಷಕರ ಉತ್ತರ ಸಾಮಾನ್ಯವಾಗಿ ಗಣಿತ, ಓದು, ಬರಹದಿಂದಲೇ ಶುರುವಾಗುತ್ತದೆ. ಆದರೆ ಒಂದು ವಾರ, ಮಗು ಕೂಗಿದ, ಓಡಿದ, ಅತ್ತ, ಮೇಜಿನ ಕೆಳಗೆ ನುಸುಳಿದ ಹೊತ್ತನ್ನೆಲ್ಲ ಗಡಿಯಾರ ನೋಡಿ ಬರೆದಿಡಿ. ಬಹುಪಾಲು ಬೇರೆಯೇ ಜಾಗ ಎದ್ದು ಕಾಣುತ್ತದೆ: ಬೆಲ್ ಹೊಡೆದ ಮೇಲಿನ ಐದು ನಿಮಿಷ, ಊಟಕ್ಕೆ ನಿಂತ ಸಾಲು, ಆಟ ಮುಗಿಸಿ ಒಳಗೆ ಬರುವ ಗಳಿಗೆ, ದಿನದ ಟೀಚರ್ ಬಾರದೆ ಬೇರೆಯವರು ಬಂದ ಬೆಳಗ್ಗೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪಾಠ ನಡೆಯುವಾಗ ಜಾಗ ಗೊತ್ತಿದೆ, ಪುಸ್ತಕ ಗೊತ್ತಿದೆ, ಮಾತಾಡುವವರು ಒಬ್ಬರೇ. ಪಾಠ ಮುಗಿದ ಕ್ಷಣಕ್ಕೆ ನಲವತ್ತು ಕುರ್ಚಿ ಒಟ್ಟಿಗೆ ಕಿರುಗುಟ್ಟುತ್ತವೆ, ಮೈಗೆ ಮೈ ತಾಗುತ್ತದೆ, ಅರ್ಧ ಬರೆದ ಪುಟವನ್ನು ಮುಚ್ಚಬೇಕಾಗುತ್ತದೆ, ಮುಂದೇನು ಎಂದು ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಶಾಲೆಯಲ್ಲಿ ಕೈಗಳೂ ಸಮಯವೂ ಕಡಿಮೆ ಇದ್ದರೆ ಮೊದಲ ಶ್ರಮ ಈ ಸಂದುಗಳಿಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂದುಗಳು ಸರಿಯಾದರೆ ಪಾಠಕ್ಕೆ ಬೇಕಾದ ಶಕ್ತಿ ಮಗುವಿನಲ್ಲಿ ಉಳಿಯುತ್ತದೆ.

ಚಿತ್ರ ವೇಳಾಪಟ್ಟಿ

ದಿನದ ಕೆಲಸಗಳನ್ನು ಒಂದರ ನಂತರ ಒಂದರಂತೆ ಚಿತ್ರಗಳಲ್ಲಿ ತೋರಿಸುವ ಪಟ್ಟಿ ಇದು. ಬಹುತೇಕ ಶಾಲೆಗಳಿಗೆ ಇದು ಗೊತ್ತು. ಸರಿಯಾಗಿ ಬಳಸುವವರು ಮಾತ್ರ ಕಡಿಮೆ. ಮೊದಲು ಮಗುವಿಗೆ ಯಾವ ಮಟ್ಟದ ಗುರುತು ಅರ್ಥವಾಗುತ್ತದೆ ಎಂದು ತೀರ್ಮಾನಿಸಬೇಕು. ಕೆಲವರಿಗೆ ವಸ್ತುವೇ ಬೇಕು: ಊಟಕ್ಕೆ ಚಮಚ, ಆಟಕ್ಕೆ ಚೆಂಡು. ಅದರ ನಂತರದ ಮೆಟ್ಟಿಲು ಫೋಟೋ, ಆಮೇಲೆ ರೇಖಾಚಿತ್ರ, ಕೊನೆಗೆ ಬರೆದ ಪದ. ಮಗು ಸಮಾಧಾನದಿಂದಿರುವಾಗ ಓದಬಲ್ಲದು ಎಂದು ಪದಗಳ ಪಟ್ಟಿ ಕೊಟ್ಟರೆ ಕಂಗಾಲಾದ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬಾರದು. ಆದ್ದರಿಂದ ಅತಿ ಕೆಟ್ಟ ದಿನದಲ್ಲೂ ಅರ್ಥವಾಗುವ ಮಟ್ಟವನ್ನು ಆರಿಸಿ.

ಐದರಿಂದ ಏಳು ಸೆಂಟಿಮೀಟರ್‌ನ ಚೌಕ ಕಾರ್ಡುಗಳು ಸಾಕು. ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್ಕ್ರೋ ಅಂಟಿಸಿ, ಉದ್ದನೆಯ ಪಟ್ಟಿಯ ಮೇಲೆ ಮೇಲಿನಿಂದ ಕೆಳಕ್ಕೆ ಜೋಡಿಸಿ. ಹೊಳೆಯುವ ಪ್ಲಾಸ್ಟಿಕ್ ಬೆಳಕಿಗೆ ಮಿನುಗಿ ಚಿತ್ರವೇ ಕಾಣದಂತಾಗುತ್ತದೆ. ಮ್ಯಾಟ್ ಹಾಳೆ ಒಳ್ಳೆಯದು. ಮೊದಲ ವಾರ ಎರಡೇ ಕಾರ್ಡು: ಈಗ, ಆಮೇಲೆ. ಅದು ರೂಢಿಯಾದ ಮೇಲೆ ನಾಲ್ಕೈದು, ನಂತರ ಅರ್ಧ ದಿನ. ಇಡೀ ದಿನದ ಪಟ್ಟಿ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಮಧ್ಯಾಹ್ನದ ಪ್ರಿಯವಾದ ಪೀರಿಯಡ್ ಬೆಳಗ್ಗೆಯೇ ಕಣ್ಣಿಗೆ ಬಿದ್ದರೆ ನಡುವಿನದೆಲ್ಲ ಬೇಡವೆನಿಸುವ ಮಕ್ಕಳೂ ಇದ್ದಾರೆ. ಪ್ರತಿ ಕೆಲಸ ಮುಗಿದಾಗ ಮಗುವೇ ಕಾರ್ಡು ಕಿತ್ತು 'ಮುಗಿಯಿತು' ಎಂಬ ಡಬ್ಬಿಗೆ ಹಾಕಬೇಕು. ಕಾರ್ಡು ಕೀಳುವ ಈ ಚಲನೆ ಮುಖ್ಯ. ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬುದು ಕೈಗೆ ತಿಳಿಯುವುದು ಅದರಿಂದಲೇ.

ಎಲ್ಲಿ ಕೆಡುತ್ತದೆ? ಪಟ್ಟಿಯನ್ನು ಟೀಚರ್ ಕಣ್ಣೆತ್ತರಕ್ಕೆ ತೂಗುಹಾಕುತ್ತಾರೆ, ಮಗುವಿಗೆ ಅದು ಗೋಡೆಯ ಅಲಂಕಾರವಾಗುತ್ತದೆ. ಮಗು ರಗಳೆ ಮಾಡಿದಾಗ ಮಾತ್ರ ಪಟ್ಟಿ ತೋರಿಸುತ್ತಾರೆ, ಅಲ್ಲಿಗೆ ಅದು ಗದರಿಕೆಯ ಗುರುತಾಗುತ್ತದೆ. ಬೇಡವಾದ ಕೆಲಸಗಳನ್ನಷ್ಟೇ ಹಾಕಿ ಮಗುವಿಗೆ ಇಷ್ಟವಾದದ್ದನ್ನು ಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ನಷ್ಟ, ಕಾರ್ಯಕ್ರಮ ಬದಲಾದರೂ ಕಾರ್ಡು ಬದಲಾಗದಿರುವುದು. ಹಾಗೆ ಎರಡು ಸಲ ಆದರೆ ಮಗು ಆ ಪಟ್ಟಿಯನ್ನು ನಂಬುವುದನ್ನೇ ಬಿಡುತ್ತದೆ.

ಬದಲಾವಣೆಗೆಂದೇ ಬೇರೆ ಬಣ್ಣದ ಒಂದು ಕಾರ್ಡು ಮಾಡಿಕೊಳ್ಳಿ. ಅದನ್ನು ಕಲಿಸುವ ಕ್ರಮವಿದೆ. ಮೊದಲ ಎಂಟು ಹತ್ತು ಸಲ ಒಳ್ಳೆಯ ಬದಲಾವಣೆಗೆ ಮಾತ್ರ ಬಳಸಿ: ಬರಹದ ಬದಲು ಚಿತ್ರ ಬಿಡಿಸುವುದು, ಆಟದ ಸಮಯ ಹತ್ತು ನಿಮಿಷ ಹೆಚ್ಚು. ನಂತರ ಹಿತವೂ ಅಲ್ಲದ ಅಹಿತವೂ ಅಲ್ಲದ ಬದಲಾವಣೆ. ಬೇಸರ ತರುವ ಬದಲಾವಣೆ ಕೊನೆಗೆ. ಆಟ ರದ್ದಾದ ದಿನವೇ ಆ ಕಾರ್ಡನ್ನು ಮೊದಲ ಸಲ ತೋರಿಸಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಎರಡು ತಿಂಗಳು ಎಲ್ಲ ಚೆನ್ನಾಗಿ ನಡೆದರೆ "ಇನ್ನು ಇವನಿಗೆ ಪಟ್ಟಿ ಬೇಕಿಲ್ಲ" ಎಂದು ತೆಗೆದುಬಿಡುವುದು ಶಾಲೆಗಳಲ್ಲಿ ಬಹಳ ಸಾಮಾನ್ಯ. ಚೆನ್ನಾಗಿ ನಡೆದದ್ದು ಪಟ್ಟಿ ಇದ್ದುದರಿಂದ. ದೊಡ್ಡವರಾದ ನಾವೇ ಕ್ಯಾಲೆಂಡರ್ ಬಿಟ್ಟು ವಾರ ಕಳೆಯಲಾರೆವು. ಪಟ್ಟಿಯ ರೂಪ ಬದಲಾಗಲಿ, ಚಿತ್ರದಿಂದ ಪದಕ್ಕೆ, ಗೋಡೆಯಿಂದ ಜೇಬಿನ ಪುಸ್ತಕಕ್ಕೆ, ಅಲ್ಲಿಂದ ಫೋನಿಗೆ. ಕಿತ್ತುಹಾಕುವುದು ಬೇಡ.

ಒಂದರಿಂದ ಇನ್ನೊಂದಕ್ಕೆ ದಾಟಿಸುವುದು

"ಇನ್ನೈದು ನಿಮಿಷ" ಎಂಬ ಮಾತಿನಲ್ಲಿ ಸಮಯ ಕಣ್ಣಿಗೆ ಕಾಣುವುದಿಲ್ಲ. ಬಣ್ಣದ ಭಾಗ ಕರಗುತ್ತ ಹೋಗುವ ಟೈಮರ್ ಅಥವಾ ಮರಳಿನ ಗಡಿಯಾರ ಅನೇಕರಿಗೆ ನೆರವಾಗುತ್ತದೆ. ಆದರೆ ಟೈಮರ್ ನೋಡಿದರೇ ಗಾಬರಿಯಾಗುವ, ಅದು ಕೂಗುವ ಗಳಿಗೆಗೆ ಕಿವಿ ಮುಚ್ಚಿ ಕಾಯುವ ಮಕ್ಕಳಿದ್ದಾರೆ. ಅವರಿಗೆ 5, 4, 3, 2, 1 ಎಂದು ಬರೆದ ಕಾರ್ಡುಗಳ ಪಟ್ಟಿ ಸೂಕ್ತ. ಟೀಚರ್ ಒಂದೊಂದನ್ನೇ ಕೀಳುತ್ತ ಹೋಗುವುದು, ಅಷ್ಟೇ. ಈ ಅಂಕಿಗಳು ನಿಮಿಷಕ್ಕೆ ಕಟ್ಟುಬಿದ್ದಿಲ್ಲ. ಮಗು ತಲೆಬಗ್ಗಿಸಿ ಕೆಲಸದಲ್ಲಿ ಮುಳುಗಿದ್ದರೆ 2 ಮತ್ತು 1ರ ನಡುವಿನ ಅಂತರವನ್ನು ಸ್ವಲ್ಪ ಎಳೆಯಬಹುದು. ಟೈಮರ್‌ನಲ್ಲಿ ಈ ಅನುಕೂಲವಿಲ್ಲ.

ಅರ್ಧಕ್ಕೆ ನಿಂತ ಕೆಲಸ ಇನ್ನೊಂದು ಮುಳ್ಳು. "ನಾಳೆ ಮಾಡುವಂತೆ" ಎಂದರೆ ಆ ಹಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ಮಗುವಿಗೆ ತಿಳಿಯದು. 'ಆಮೇಲೆ ಮುಗಿಸುವುದು' ಎಂದು ಹೆಸರು ಬರೆದ ಟ್ರೇ ಒಂದಿರಲಿ. ಹಾಳೆಯನ್ನು ಮಗುವೇ ಅದರಲ್ಲಿಡಲಿ, ಮುಗಿಸುವ ಹೊತ್ತು ವೇಳಾಪಟ್ಟಿಯಲ್ಲಿ ಕಾಣಲಿ. ಮರುದಿನ ಆ ಹಾಳೆ ಅದೇ ಟ್ರೇಯಲ್ಲಿ ಇರಲೇಬೇಕು. ಯಾರೋ ಅಚ್ಚುಕಟ್ಟು ಮಾಡಲು ಹೋಗಿ ಅದನ್ನು ಎಸೆದರೆ ಮುಂದಿನ ಸಲ ಮಗು ಹಾಳೆಯನ್ನು ಕೈಬಿಡುವುದಿಲ್ಲ.

ಹೋಗುವ ಕಡೆಯ ವಸ್ತುವೊಂದನ್ನು ಕೈಯಲ್ಲಿ ಕೊಟ್ಟು ಕಳುಹಿಸಿ: ಗ್ರಂಥಾಲಯಕ್ಕೆ ಹಿಂತಿರುಗಿಸಬೇಕಾದ ಪುಸ್ತಕ, ಆಟದ ಬಯಲಿಗೆ ಚೆಂಡು. ಕೈಗೆ ಕೆಲಸವೂ ಆಯಿತು, ಹೊರಟದ್ದೆಲ್ಲಿಗೆ ಎಂಬುದೂ ನೆನಪಿರುತ್ತದೆ. ಸಾಲಿನಲ್ಲಿ ಮೊದಲ ಅಥವಾ ಕೊನೆಯ ಜಾಗ ಕೊಡಿ, ಆಗ ಮೈ ತಾಗುವುದು ಒಂದೇ ಕಡೆಯಿಂದ. ಓಣಿ ತುಂಬುವ ಎರಡು ಮೂರು ನಿಮಿಷ ಮುಂಚೆ ಹೊರಡಲು ಬಿಡುವುದು ಇನ್ನೂ ಸರಳ, ಅದಕ್ಕೆ ಖರ್ಚೂ ಇಲ್ಲ.

ಮಾತು ಕಡಿಮೆ ಮಾಡಿ

ಹೆಸರು ಕರೆಯಿರಿ, ಒಂದೇ ಸೂಚನೆ ಕೊಡಿ, ಬಾಯಿ ಮುಚ್ಚಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಈ ಹತ್ತು ಸೆಕೆಂಡು ಶಿಕ್ಷಕರಿಗೆ ಅತಿ ಕಷ್ಟ. ಮೂರನೆಯ ಸೆಕೆಂಡಿಗೇ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿಬಿಡುತ್ತೇವೆ. ಮಗು ಮೊದಲ ವಾಕ್ಯವನ್ನು ಇನ್ನೂ ಅರ್ಥ ಮಾಡಿಕೊಳ್ಳುತ್ತಿರುವಾಗ ಎರಡನೆಯದು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮತ್ತೊಮ್ಮೆ ಹೇಳಲೇಬೇಕೆಂದರೆ ಅದೇ ಪದಗಳನ್ನು, ಅದೇ ಧಾಟಿಯಲ್ಲಿ ಹೇಳಿ.

"ಓಡಬೇಡ" ಎನ್ನುವುದಕ್ಕಿಂತ "ನಡೆ" ಎನ್ನುವುದು ಸುಲಭ, ಮಾಡಬೇಕಾದದ್ದು ಅದರಲ್ಲೇ ಇದೆ. "ಪುಸ್ತಕ ತೆಗೀತೀಯಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಪ್ರಾಮಾಣಿಕವಾದದ್ದು, ಉದ್ಧಟತನವಲ್ಲ. "ಪುಸ್ತಕ ತೆಗೆ" ಎನ್ನಿ. "ತಲೆ ತಿನ್ನಬೇಡ", "ಬಾಯಿಗೆ ಬೀಗ ಹಾಕು" ಎಂಬಂಥವನ್ನು ಇದ್ದದ್ದು ಇದ್ದಂತೆ ಅರ್ಥಮಾಡಿಕೊಂಡು ದಿಗಿಲುಬೀಳುವ ಮಕ್ಕಳಿದ್ದಾರೆ. "ಒಂದು ನಿಮಿಷ, ಬಂದೆ" ಎಂದು ಹೇಳಿ ಹತ್ತು ನಿಮಿಷ ಬಿಟ್ಟು ಬರುವುದೂ ಅದೇ ಸಾಲಿಗೆ ಸೇರುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಬೇಡಿ. ಅನೇಕರಿಗೆ ನೋಡುವುದೂ ಕೇಳುವುದೂ ಏಕಕಾಲಕ್ಕೆ ಆಗದು, ಕಿಟಕಿ ನೋಡುತ್ತಲೇ ಪಾಠ ಕೇಳುತ್ತಿರುತ್ತಾರೆ.

"ನೀರು ಬೇಕಾ?" ಎಂದು ಮಗು ನಿಮ್ಮ ಪ್ರಶ್ನೆಯನ್ನೇ ನಿಮಗೆ ಒಪ್ಪಿಸಿದರೆ ಅದು ಅಣಕವಲ್ಲ, ಬಹಳ ಸಲ ನೀರಿನ ಕೋರಿಕೆಯೇ. "ನನಗೆ ನೀರು ಬೇಕು" ಎಂದು ಮಗು ಹೇಳಬೇಕಾದ ರೂಪದಲ್ಲಿ ಒಮ್ಮೆ ಹೇಳಿ, ನೀರು ಕೊಡಿ. ಸರಿಯಾಗಿ ಹೇಳುವವರೆಗೆ ನೀರು ತಡೆಹಿಡಿಯುವುದು ಭಾಷೆ ಕಲಿಸುವ ದಾರಿಯಲ್ಲ.

ಮಾತು ಬಾರದ ಮಕ್ಕಳಿಗೆ ಚಿತ್ರ ವಿನಿಮಯದ ಪದ್ಧತಿಯನ್ನು ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಅದರ ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿಗೆ ಪ್ರಿಯವಾದ ವಸ್ತು ಹಿಡಿದು ಎದುರಿಗೆ, ಇನ್ನೊಬ್ಬರು ಮಗುವಿನ ಹಿಂದೆ. ಮಗು ವಸ್ತುವಿಗೆ ಕೈಚಾಚಿದಾಗ ಹಿಂದಿನವರು ಆ ಕೈಯಿಂದ ಚಿತ್ರವನ್ನು ಎತ್ತಿಸಿ ಎದುರಿನವರ ಅಂಗೈಗೆ ಕೊಡಿಸುತ್ತಾರೆ, ವಸ್ತು ಕೂಡಲೇ ಸಿಗುತ್ತದೆ. "ಏನು ಬೇಕು?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮಗು ಪ್ರಶ್ನೆಗಾಗಿ ಕಾಯುವುದನ್ನು ಕಲಿಯುತ್ತದೆ, ತಾನಾಗಿ ಬಂದು ಹೇಳುವುದನ್ನಲ್ಲ. ಕೈ ಸಾಲದೆಂದು ಒಬ್ಬರೇ ಎರಡೂ ಪಾತ್ರ ವಹಿಸುವ ಶಾಲೆಗಳಲ್ಲಿ ಈ ಪದ್ಧತಿ ಮೊದಲ ಹಂತದಲ್ಲೇ ಎಡವುತ್ತದೆ. ಚಿತ್ರ ಅಥವಾ ಟ್ಯಾಬ್ಲೆಟ್ ಕೊಟ್ಟರೆ ಮಾತು ಬರುವುದೇ ಇಲ್ಲವೇನೋ ಎಂಬ ಪೋಷಕರ ಭಯ ಸಹಜ, ಆದರೆ ಅಧ್ಯಯನಗಳು ಅದನ್ನು ಬೆಂಬಲಿಸಿಲ್ಲ. ಸಾಧನ ಮಗುವಿನ ಕೈಗೆ ಎಟುಕುವಂತೆ ದಿನವಿಡೀ ಇರಬೇಕು. ಶಿಕ್ಷೆಯೆಂದು ಕಪಾಟಿಗೆ ಸೇರಿಸಿದರೆ ಮಗುವಿನ ಬಾಯಿ ಕಟ್ಟಿದಂತೆಯೇ.

ಕೆಲಸ ಎಷ್ಟು, ಮುಗಿದದ್ದು ಹೇಗೆ ಗೊತ್ತಾಗುತ್ತದೆ?

ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ ಬೆಳೆಸಿದ ಟೀಚ್ ಕಾರ್ಯಕ್ರಮದಿಂದ ಬಂದ ನಾಲ್ಕು ಪ್ರಶ್ನೆಗಳು ಯಾವ ತರಗತಿಗಾದರೂ ಹೊಂದುತ್ತವೆ. ಏನು ಮಾಡಬೇಕು? ಎಷ್ಟು? ಮುಗಿಯಿತೆಂದು ತಿಳಿಯುವುದು ಹೇಗೆ? ಮುಗಿದ ಮೇಲೆ ಏನು? ನಾಲ್ಕಕ್ಕೂ ಉತ್ತರ ಮೇಜಿನ ಮೇಲೆಯೇ ಕಾಣಬೇಕು. ಎಡಗಡೆ ಮೂರು ಟ್ರೇ, ಬಲಗಡೆ ಒಂದು ಖಾಲಿ ಬುಟ್ಟಿ. ಎಡ ಖಾಲಿಯಾದರೆ ಕೆಲಸ ಮುಗಿಯಿತು. ದೊಡ್ಡ ಮಕ್ಕಳಿಗೆ ಲೆಕ್ಕದ ಹಾಳೆಯನ್ನು ಮಡಚಿ ಮೂರೇ ಲೆಕ್ಕ ಕಾಣುವಂತೆ ಕೊಡಬಹುದು. "ರಜೆಯ ಬಗ್ಗೆ ಬರೆ" ಎಂಬ ಸೂಚನೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. "ಎಲ್ಲಿಗೆ ಹೋದೆ, ಯಾರು ಜತೆಗಿದ್ದರು, ಯಾವುದು ಇಷ್ಟವಾಯಿತು, ಒಟ್ಟು ಆರು ವಾಕ್ಯ" ಎಂದರೆ ಅದೇ ಮಗು ಬರೆಯುತ್ತದೆ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟರೆ ಸಾಕು ಎಂದುಕೊಳ್ಳುವವರಿದ್ದಾರೆ. ಮಾಡಬೇಕಾದದ್ದು ಏನೆಂದು ತಿಳಿಯದ ಮಗುವಿಗೆ ಹೆಚ್ಚಿನ ಸಮಯವೆಂದರೆ ಹೆಚ್ಚಿನ ಸಂಕಟ. ಕೋಣೆಯನ್ನು ಮುಂಚೆ ತೋರಿಸುವುದು, ಅದೇ ಮಾದರಿಯ ಪತ್ರಿಕೆಯಲ್ಲಿ ಅಭ್ಯಾಸ, ಒಂದು ಪ್ರಶ್ನೆಯೊಳಗೆ ಅಡಗಿದ ಎರಡು ಪ್ರಶ್ನೆಗಳನ್ನು ಬಿಡಿಸಿ ಬರೆಯುವುದು, ಇವುಗಳ ಜತೆಗೆ ಬಂದರೆ ಸಮಯ ಉಪಯೋಗವಾಗುತ್ತದೆ.

ಬೆಳಕು, ಸದ್ದು, ವಾಸನೆ

ಇಂದ್ರಿಯಗಳ ಅತಿ ಸೂಕ್ಷ್ಮತೆ ಅಥವಾ ಮಂದತೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿತು. ಶಾಲೆಗಳು ಇದನ್ನು ಇಂದಿಗೂ 'ನಖರಾ' ಎಂದೇ ಎಣಿಸುವುದುಂಟು. ಮಗುವಿನ ಕುರ್ಚಿಯಲ್ಲಿ, ತರಗತಿ ತುಂಬಿರುವಾಗ, ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಫ್ಯಾನಿನ ಕಟಕಟ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಗುಂಯ್ ಸದ್ದು ಮತ್ತು ಮಿನುಗು, ಹಿಂದಿನಿಂದ ತಾಗುವ ಕಾಲು, ಇವೆಲ್ಲ ಆಗ ಗೊತ್ತಾಗುತ್ತವೆ. ಕುರ್ಚಿ ಕಾಲುಗಳಿಗೆ ರಬ್ಬರ್ ಟೊಪ್ಪಿ ಹಾಕಿದರೆ ಇಡೀ ತರಗತಿಗೇ ಹಿತ. ಸದ್ದು ತಡೆಯುವ ಹೆಡ್‌ಫೋನ್ ಒಳ್ಳೆಯದೇ, ಬೇಕೆಂದಾಗ ಕೈಗೆ ಸಿಗುವಂತೆ ಇರಲಿ. ಆದರೆ ದಿನವಿಡೀ ಕಿವಿಯಲ್ಲೇ ಇರುವುದಾದರೆ ಮೊದಲು ಕೋಣೆಯ ಸದ್ದಿನ ಕಡೆ ಗಮನ ಹರಿಸಬೇಕು.

ಕೈ ಬೀಸುವುದು, ತೂಗುವುದು, ಗುನುಗುವುದು ಯಾರಿಗೂ ಗಾಯ ಮಾಡದಿದ್ದರೆ ತಡೆಯಬೇಡಿ. ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ ಅದು. 'ಕೈ ಸುಮ್ಮನಿರಲಿ' ಎಂದು ಕಾಯುತ್ತ ಕೂತ ಮಗುವಿನ ಗಮನವೆಲ್ಲ ಕೈಯ ಮೇಲಿರುತ್ತದೆ, ಹಲಗೆಯ ಮೇಲಲ್ಲ. ಶೌಚಾಲಯವನ್ನು ಮರೆಯಬೇಡಿ. ಫ್ಲಶ್ಶಿನ ಅಬ್ಬರಕ್ಕೋ ವಾಸನೆಗೋ ಹೆದರಿ ಬೆಳಗಿನಿಂದ ಸಂಜೆವರೆಗೆ ತಡೆದುಕೊಳ್ಳುವ ಮಕ್ಕಳಿದ್ದಾರೆ. ಅವರಿಗೆ ಮಲಬದ್ಧತೆ ಬರುತ್ತದೆ, ಹೊಟ್ಟೆನೋವು ಬರುತ್ತದೆ, ಆ ನೋವು ಮಧ್ಯಾಹ್ನದ 'ಹಠ'ವಾಗಿ ಹೊರಬರುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲಿ ಕಳುಹಿಸುವುದು, ಹೊರಬಂದ ಮೇಲೆ ದೊಡ್ಡವರು ಫ್ಲಶ್ ಮಾಡುವುದು ಸಾಕಾಗಬಹುದು.

ಕಟ್ಟೆಯೊಡೆದಾಗ

ಹಠ ಮಾಡುವ ಮಗು ನಡುನಡುವೆ ನಿಮ್ಮತ್ತ ನೋಡುತ್ತದೆ, ಬೇಕಾದದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್, ಅಂದರೆ ತಾಳಲಾರದೆ ಕಟ್ಟೆಯೊಡೆಯುವುದು, ಹಾಗಲ್ಲ. ಬೇಡಿದ್ದು ಕೊಟ್ಟರೂ ನಿಲ್ಲದು, ನಿಲ್ಲಿಸುವುದು ಮಗುವಿನ ಕೈಯಲ್ಲೂ ಇಲ್ಲ. ಅದಕ್ಕೂ ಮುಂಚೆ ಗುರುತುಗಳಿರುತ್ತವೆ: ದನಿ ಏರುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ, ಕಿವಿ ಕೆಂಪಾಗುವುದು, ಹೆಜ್ಜೆ ಬಿರುಸಾಗುವುದು. ಪ್ರತಿ ಮಗುವಿಗೂ ಅದರದೇ ಗುರುತು. ಬರೆದಿಡಬೇಕು, ಏಕೆಂದರೆ ಈ ಹಂತದಲ್ಲಿ ಮಾತ್ರ ತಡೆಯಲು ಸಾಧ್ಯ.

ಕಟ್ಟೆಯೊಡೆದ ಮೇಲೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಒಬ್ಬರೇ ದೊಡ್ಡವರು ಹತ್ತಿರವಿರಲಿ, ಎದುರಿಗಲ್ಲ, ಪಕ್ಕಕ್ಕೆ. ಮಾತು ನಿಲ್ಲಿಸಿ. ದೀಪ ಆರಿಸಿ. ಮಗುವನ್ನು ಎಳೆದೊಯ್ಯುವುದಕ್ಕಿಂತ ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಸುಲಭ, ಸುರಕ್ಷಿತ. ಅದಕ್ಕೆ ತರಗತಿಗೆ ಮುಂಚೆಯೇ ಅಭ್ಯಾಸ ಬೇಕು. ಅಪಾಯವಿಲ್ಲದಿದ್ದರೆ ಮುಟ್ಟಬೇಡಿ. ಬೋರಲು ಮಲಗಿಸಿ ಅದುಮಿ ಹಿಡಿಯುವುದನ್ನಂತೂ ಎಂದೂ ಮಾಡಬಾರದು, ಉಸಿರು ಕಟ್ಟಿ ಪ್ರಾಣ ಹೋಗಬಹುದು. ಅಳು ನಿಂತ ಕೂಡಲೇ "ಯಾಕೆ ಹೀಗೆ ಮಾಡಿದೆ?" ಎಂದು ಶುರುಮಾಡಿದರೆ ಎರಡನೆಯ ಸಲ ಒಡೆಯುತ್ತದೆ. ದೇಹ ತಣಿಯಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ನೀರು ಕೊಡಿ, ಸುಮ್ಮನಿರಿ.

ಇದರ ಇನ್ನೊಂದು ಮುಖ ಸದ್ದಿಲ್ಲದ್ದು. ಕೆಲವರು ಕೂಗದೆ ಕಲ್ಲಾಗಿಬಿಡುತ್ತಾರೆ: ಮಾತಿಲ್ಲ, ಪೆನ್ನು ಅಲುಗದು, ತಲೆ ಮೇಜಿನ ಮೇಲೆ. ಇನ್ನು ಕೆಲವರು, ಅವರಲ್ಲಿ ಹೆಣ್ಣುಮಕ್ಕಳು ಹೆಚ್ಚು, ಶಾಲೆಯಲ್ಲಿ ದಿನವಿಡೀ ಎಲ್ಲರಂತೆ ನಟಿಸಿ ಮನೆಯ ಹೊಸಿಲು ದಾಟಿದೊಡನೆ ಒಡೆದುಹೋಗುತ್ತಾರೆ. "ಇಲ್ಲಿ ಚೆನ್ನಾಗಿಯೇ ಇರುತ್ತಾಳಲ್ಲ" ಎಂದು ತಾಯಿಗೆ ಹೇಳಿ ಕಳುಹಿಸುವುದು ಅನ್ಯಾಯ. ಮನೆಯಲ್ಲಿ ಕಾಣುವುದು ಶಾಲೆಯ ದಿನದ ಲೆಕ್ಕವೇ.

ಪ್ರತಿ ಘಟನೆಗೂ ಒಂದು ಸಾಲು ಬರೆಯಿರಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಜತೆಗೆ ಹೊತ್ತು, ಜಾಗ, ರಾತ್ರಿಯ ನಿದ್ದೆ. "ಸಿಟ್ಟು ಮಾಡಿದ" ಎಂದು ಬರೆದರೆ ಪ್ರಯೋಜನವಿಲ್ಲ. "ಪುಸ್ತಕ ಎಸೆದ, ಬಾಗಿಲಿಗೆ ಓಡಿದ" ಎಂದು ಬರೆಯಿರಿ. ಹತ್ತು ಹದಿನೈದು ಸಾಲು ತುಂಬುವಷ್ಟರಲ್ಲಿ ಮಾದರಿ ಕಾಣತೊಡಗುತ್ತದೆ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದ್ದು ಇದನ್ನೇ: ಕೆಟ್ಟ ನಡವಳಿಕೆಯಿಂದ ಮಗು ಪಡೆಯುತ್ತಿರುವುದನ್ನು ಗುರುತಿಸಿ, ಅದನ್ನೇ ಕೇಳಿ ಪಡೆಯುವ ದಾರಿ ಕಲಿಸಿದರೆ ಆ ನಡವಳಿಕೆ ಇಳಿಯುತ್ತದೆ. ಪುಸ್ತಕ ಎಸೆದರೆ ಲೆಕ್ಕದಿಂದ ಬಿಡುಗಡೆ ಸಿಗುತ್ತಿದ್ದರೆ 'ವಿರಾಮ' ಕಾರ್ಡು ಕಲಿಸಿ. ಆರಂಭದ ದಿನಗಳಲ್ಲಿ ಕಾರ್ಡು ಎಷ್ಟು ಸಲ ಬಂದರೂ ಪ್ರತಿ ಸಲವೂ ತಕ್ಷಣ ವಿರಾಮ ಕೊಡಬೇಕು. ಶಿಕ್ಷಕರ ತಾಳ್ಮೆ ಸೋಲುವುದು ಇಲ್ಲೇ. "ಈಗಷ್ಟೇ ಹೋಗಿ ಬಂದೆಯಲ್ಲ" ಎಂದು ಒಮ್ಮೆ ನಿರಾಕರಿಸಿದರೆ ಪುಸ್ತಕ ಮತ್ತೆ ಹಾರುತ್ತದೆ. ಕಾರ್ಡು ರೂಢಿಯಾದ ಮೇಲೆ "ಒಂದು ಲೆಕ್ಕ, ಆಮೇಲೆ ವಿರಾಮ" ಎಂದು ನಿಧಾನಕ್ಕೆ ಹಿಗ್ಗಿಸಿ. ವಿರಾಮ ಐದು ನಿಮಿಷ, ಬಂದ ಮೇಲೆ ಅದೇ ಕೆಲಸದ ಒಂದು ಸಣ್ಣ ತುಣುಕು. ಆದರೂ ಕಾರ್ಡು ಬರುತ್ತಲೇ ಇದ್ದರೆ ಲೆಕ್ಕವೇ ಮಗುವಿನ ಮಟ್ಟಕ್ಕೆ ಮೀರಿದ್ದಿರಬಹುದು, ಪಾಠವನ್ನು ಬದಲಿಸಿ.

ಇದ್ದಕ್ಕಿದ್ದಂತೆ ನಡವಳಿಕೆ ಕೆಟ್ಟರೆ ಘಟನೆಗಳ ಈ ಪಟ್ಟಿ ಬರೆಯುವ ಮುಂಚೆ ಹಲ್ಲು, ಕಿವಿ, ಹೊಟ್ಟೆ ತೋರಿಸಲು ಮನೆಯವರಿಗೆ ಹೇಳಿ.

ಪಕ್ಕದಲ್ಲಿ ಕೂರುವ ಸಹಾಯಕರು

ಸಹಾಯಕರು ಸಿಕ್ಕರೆ ಶಾಲೆ ನಿರಾಳವಾಗುತ್ತದೆ. ಅಪಾಯವೂ ಅಲ್ಲೇ. ಭುಜಕ್ಕೆ ಭುಜ ತಾಗಿಸಿ ಕೂತು, ಪುಟ ತಿರುವಿ, ಪೆನ್ನು ಹಿಡಿಸಿ, ಉತ್ತರ ಪಿಸುಗುಟ್ಟುವ ಸಹಾಯಕರಿಂದ ಮಗು ಕಲಿಯುವುದು ಅವರ ಪಿಸುಮಾತಿಗೆ ಕಾಯುವುದನ್ನು. ತರಗತಿಯ ಟೀಚರ್ ಮಗುವಿನೊಡನೆ ನೇರ ಮಾತಾಡುವುದನ್ನು ಬಿಡುತ್ತಾರೆ, ಸಹಪಾಠಿಗಳು ಹತ್ತಿರ ಬರುವುದಿಲ್ಲ. ಸಹಾಯಕರ ಕುರ್ಚಿ ಮಗುವಿನ ಹಿಂದೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಬಾಯಿಮಾತಿನ ಸೂಚನೆಯನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಮಾತಾಡದೆ ಚಿತ್ರದ ಕಡೆ ಬೆರಳು ತೋರಿಸುವುದು ಉತ್ತಮ. ಮಗು ತಾನೇ ಮಾಡುವ ಹೆಜ್ಜೆಗಳನ್ನು ವಾರಕ್ಕೊಮ್ಮೆ ಗುರುತಿಸಿ, ಆ ಹೆಜ್ಜೆಗಳಲ್ಲಿ ದೂರ ಸರಿಯಬೇಕು.

ಗೆಳೆತನದ ಪಾಠವನ್ನು ಆಟಿಸಂ ಇರುವ ಮಗುವಿಗೆ ಮಾತ್ರ ಮಾಡುವುದು ಅರ್ಧ ಕೆಲಸ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದಂತೆ ಅರ್ಥವಾಗದಿರುವುದು ಎರಡೂ ಕಡೆಯಿಂದ. ಉಳಿದ ಮಕ್ಕಳಿಗೂ ಹೇಳಿಕೊಡಬೇಕು, ಆದರೆ ಮನೆಯವರ ಒಪ್ಪಿಗೆಯಿಲ್ಲದೆ ಮಗುವಿನ ಹೆಸರಾಗಲಿ ಆಟಿಸಂ ಇರುವ ಸಂಗತಿಯಾಗಲಿ ತರಗತಿಯಲ್ಲಿ ಬರಬಾರದು. ಪೀಡನೆ ಪತ್ತೆಹಚ್ಚಲು "ಯಾರಾದರೂ ಕಾಡಿಸುತ್ತಾರಾ?" ಎಂಬ ಪ್ರಶ್ನೆ ಸಾಲದು. ಶಾಲೆಯ ನಕ್ಷೆ ಬಿಡಿಸಿ ಕೊಟ್ಟು, ಹಿತವಾದ ಜಾಗಕ್ಕೆ ಹಸಿರು, ಬೇಡವಾದ ಜಾಗಕ್ಕೆ ಕೆಂಪು ಹಚ್ಚಲು ಹೇಳಿ. ಕೆಂಪು ಎಲ್ಲಿ ಬಿತ್ತೋ ಅಲ್ಲಿ ವಿರಾಮದ ಹೊತ್ತಿಗೆ ಒಬ್ಬರು ದೊಡ್ಡವರು ನಿಲ್ಲಬೇಕು.

ಮುಂದಿನ ತರಗತಿಯ ತಯಾರಿ ಕೊನೆಯ ವಾರದ ಕೆಲಸವಲ್ಲ. ಎರಡು ತಿಂಗಳ ಮೊದಲೇ ಒಂದು ಪುಟ ಬರೆದಿಡಿ: ಇಷ್ಟವಾದದ್ದು, ಕಂಗೆಡಿಸುವುದು, ಕಂಗೆಡುವ ಮುಂಚಿನ ಗುರುತು, ಆಗ ಮಾಡಬೇಕಾದದ್ದು, ಮಗು ಬೇಕುಬೇಡ ಹೇಳುವ ರೀತಿ. ಒಂದೇ ಪುಟ, ಏಕೆಂದರೆ ಬದಲಿ ಟೀಚರ್ ಬಂದ ಬೆಳಗ್ಗೆ ಹತ್ತು ಪುಟ ಓದುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಅದರ ಪ್ರತಿ ಹಾಜರಿ ಪುಸ್ತಕದೊಳಗಿರಲಿ. ಹೊಸ ಕೋಣೆಯ ಬಾಗಿಲು, ಕೂರುವ ಜಾಗ, ಶೌಚಾಲಯ, ಹೊಸ ಟೀಚರ್ ಮುಖ, ಇಷ್ಟರ ಫೋಟೋಗಳನ್ನು ರಜೆಗೆ ಮುಂಚೆ ಮನೆಗೆ ಕಳುಹಿಸಿ. ಶಾಲೆ ಖಾಲಿ ಇರುವ ಒಂದು ಸಂಜೆ ಮಗು ಆ ಕೋಣೆಗೆ ಹೋಗಿ ಕೂತು ಬರಲಿ, ಸಾಧ್ಯವಾದರೆ ಎರಡು ಸಲ. ವೇಳಾಪಟ್ಟಿಯ ಪಟ್ಟಿ, ಕಾರ್ಡುಗಳು, 'ಮುಗಿಯಿತು' ಡಬ್ಬಿ ಎಲ್ಲವೂ ಹಳೆಯವೇ ಹೊಸ ಕೋಣೆಗೆ ಹೋಗಬೇಕು, ಮೊದಲ ದಿನದ ಮೊದಲ ಬೆಲ್‌ಗೂ ಮುಂಚೆ.